ಹಿಟ್ಟಿನ ಕೋಳಿಯ ಕೂಗು

2013ರ ಚಳಿಗಾಲ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಒಂದು ಹೋಟೆಲ್ ಕೋಣೆ. ನಡುವಯಸ್ಸಿನ ಮನುಷ್ಯನೊಬ್ಬನ ತಲೆಯನ್ನು ಬಾತ್‌ಟಬ್ಬಿನ ನೀರಿನಲ್ಲಿ ಅದುಮಿ ಹಿಡಿಯುತ್ತಾರೆ, ಎತ್ತುತ್ತಾರೆ, ಮತ್ತೆ ಅದುಮುತ್ತಾರೆ. ಪಕ್ಕದಲ್ಲಿ ಕ್ಯಾಮೆರಾ. ಕೆಲವು ದಿನಗಳ ಮೇಲೆ ಅದೇ ಮನುಷ್ಯನ ಇನ್ನೊಂದು ಫೋಟೊ ಸಿದ್ಧವಾಗುತ್ತದೆ. ಈ ಸಲ ಆತ ಬಿಳಿಚಿಕೊಂಡು ಬಿದ್ದಿದ್ದಾನೆ, ಬಾಯಿಯ ಸುತ್ತ ವಾಂತಿಯಂಥ ಏನೋ ಮೆತ್ತಿಕೊಂಡಿದೆ. ಅದು ವಾಂತಿಯಲ್ಲ, ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಕ್ಯಾಂಪ್‌ಬೆಲ್ ಕೋಳಿ ಸೂಪು. ಹೆಣದಂತೆ ಬಿದ್ದವನು ಉಸಿರಾಡುತ್ತಲೇ ಇದ್ದ.

ಆ ಫೋಟೊ ತಲುಪಿದ್ದು ‘ಡ್ರೆಡ್ ಪೈರೇಟ್ ರಾಬರ್ಟ್ಸ್’ ಎಂಬ ಹೆಸರಿನ ಹಿಂದೆ ಅಡಗಿದ್ದ ಒಬ್ಬನಿಗೆ. ಇಂಟರ್ನೆಟ್ಟಿನ ಮರೆಯ ಮೂಲೆಯಲ್ಲಿ 2011ರಿಂದ ನಡೆಯುತ್ತಿದ್ದ, ಬಿಟ್‌ಕಾಯಿನ್ ಕೊಟ್ಟು ಮಾದಕ ವಸ್ತು ಕೊಳ್ಳುವ ‘ಸಿಲ್ಕ್ ರೋಡ್’ ಸಂತೆಯ ಯಜಮಾನ ಆತ. ಫೋಟೊದಲ್ಲಿದ್ದವನು ಅವನ ಕೆಳಗೆ ಕೆಲಸಕ್ಕಿದ್ದವನು. ಒಂದು ಕಿಲೊ ಕೊಕೇನಿನ ಪಾರ್ಸೆಲ್ ಜೊತೆ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ಅದೇ ಹೊತ್ತಿಗೆ ಸಂತೆಯ ಗಲ್ಲಾದಿಂದ ಸುಮಾರು 3,50,000 ಡಾಲರ್ ಬೆಲೆಯ ಬಿಟ್‌ಕಾಯಿನ್ ಮಾಯವಾಗಿತ್ತು. ಕದ್ದವನು ಇವನೇ ಎಂದು ಯಜಮಾನ ನಂಬಿದ. ಪರಿಚಯದ ಕಳ್ಳಸಾಗಣೆದಾರನೊಬ್ಬನಿಗೆ ಮೊದಲು ‘ಅವನಿಗೆ ನಾಲ್ಕು ಬಾರಿಸಿ ದುಡ್ಡು ವಾಪಸ್ ತರಿಸು’ ಎಂದು ಹೇಳಿದ. ಆಮೇಲೆ ಮನಸ್ಸು ಬದಲಾಯಿಸಿ ‘ಮುಗಿಸಿಬಿಡು’ ಎಂದ. ರೇಟು 80,000 ಡಾಲರ್. ಅರ್ಧ ಮುಂಗಡ, ಅರ್ಧ ಕೆಲಸವಾದ ಮೇಲೆ. ಫೋಟೊ ನೋಡಿ ಸ್ವಲ್ಪ ಕಸಿವಿಸಿಯಾಯಿತು, ಇಂಥದ್ದಕ್ಕೆ ತಾನು ಹೊಸಬ ಎಂದು ಬರೆದುಕೊಂಡ. ಬಾಕಿಯನ್ನು ಚುಕ್ತಾ ಮಾಡಿದ.

ಆ ಕಳ್ಳಸಾಗಣೆದಾರ ವೇಷ ಹಾಕಿದ ಸರ್ಕಾರಿ ಅಧಿಕಾರಿ. ಬಿಟ್‌ಕಾಯಿನ್ ಕದ್ದವನೂ ತನಿಖಾ ತಂಡದಲ್ಲೇ ಇದ್ದ ಇನ್ನೊಬ್ಬ ಅಧಿಕಾರಿ. ಮುಂದೆ ಇಬ್ಬರೂ ಹಣ ಲಪಟಾಯಿಸಿದ್ದಕ್ಕೆ ಆರಾರು ವರ್ಷದ ಆಸುಪಾಸಿನ ಜೈಲುಶಿಕ್ಷೆಗೆ ಗುರಿಯಾದರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮಾರ್ಚ್ ತಿಂಗಳಲ್ಲಿ ಯಾರೋ ಒಬ್ಬ, ಗಿರಾಕಿಗಳ ಹೆಸರು ವಿಳಾಸ ಬಯಲಿಗೆಳೆಯುತ್ತೇನೆಂದು ಹೆದರಿಸಿ 5,00,000 ಡಾಲರ್ ಕೇಳಿದ. ಯಜಮಾನ ಈ ಬಾರಿ ‘ರೆಡ್ ಅಂಡ್ ವೈಟ್’ ಎಂಬ ಹೆಸರಿನವನ ಮೊರೆಹೋದ. ಬೆದರಿಸಿದವನ ವಿವರವನ್ನು ತಾನೇ ಕಳಿಸಿದ: ಕೆನಡಾದ ಬ್ರಿಟಿಷ್ ಕೊಲಂಬಿಯಾದ ವೈಟ್ ರಾಕ್ ಊರು, ಹೆಂಡತಿ, ಮೂವರು ಮಕ್ಕಳು. ಆ ಕಡೆಯವನು ಹೇಳಿದ ರೇಟು ಕೇಳಿ, ಇತ್ತೀಚೆಗಷ್ಟೇ 80,000ಕ್ಕೆ ಅಚ್ಚುಕಟ್ಟಾಗಿ ಕೆಲಸ ಮಾಡಿಸಿದ್ದೇನೆ, ಇದು ದುಬಾರಿಯಾಯಿತು ಎಂದು ಚೌಕಾಸಿ ಮಾಡಿದ. ನಡೆಯದ ಒಂದು ಕೊಲೆಯ ಬೆಲೆಯನ್ನು ಮುಂದಿಟ್ಟುಕೊಂಡು ಇನ್ನೊಂದು ಕೊಲೆಗೆ ಚೌಕಾಸಿ! ವ್ಯಾಪಾರ 1,670 ಬಿಟ್‌ಕಾಯಿನ್‌ಗಳಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 1,50,000 ಡಾಲರಿಗೆ ಕುದುರಿತು. ಹೆಣದ ಪಕ್ಕ ತಾನು ಹೇಳಿದ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟು ಫೋಟೊ ತೆಗೆಯಬೇಕೆಂದು ಯಜಮಾನ ಕೇಳಿಕೊಂಡ. ಫೋಟೊ ಬಂತು. ನೋಡಿ ಅಳಿಸಿದ್ದೇನೆ, ಬೇಗ ಕೆಲಸ ಮುಗಿಸಿದ್ದಕ್ಕೆ ಧನ್ಯವಾದ ಎಂದು ಉತ್ತರಿಸಿದ.

ಕೆನಡಾದ ಪೊಲೀಸರು ಕಡತ ತೆಗೆದು ನೋಡಿದಾಗ ಆ ಹೆಸರಿನವನು ಅಲ್ಲಿ ಇರಲೇ ಇಲ್ಲ. ವೈಟ್ ರಾಕ್‌ನಲ್ಲಿ ಆ ದಿನಗಳಲ್ಲಿ ಅಂಥ ಕೊಲೆಯೂ ನಡೆದಿರಲಿಲ್ಲ. ದುಡ್ಡು ಹೋಗಿದ್ದು ಮೋಸಗಾರರ ಜೇಬಿಗೆ.

2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ಲೆನ್ ಪಾರ್ಕ್ ಗ್ರಂಥಾಲಯದಲ್ಲಿ ಈ ಯಜಮಾನನೆಂದು ತೆರೆದ ಲ್ಯಾಪ್‌ಟಾಪ್ ಸಮೇತ ಸಿಕ್ಕಿಬಿದ್ದವನು ಟೆಕ್ಸಾಸ್ ಮೂಲದ 29ರ ಯುವಕ ರಾಸ್ ಉಲ್ಬ್ರಿಕ್ಟ್. ಸರ್ಕಾರಿ ವಕೀಲರ ಲೆಕ್ಕದಲ್ಲಿ ಆರು ಕೊಲೆಗಳಿಗೆ ಒಟ್ಟು 7,30,000 ಡಾಲರ್ ಸಂದಾಯವಾಗಿತ್ತು. ಒಂದೂ ಹೆಣ ಬಿದ್ದಿರಲಿಲ್ಲ.

ಹಾಗಾದರೆ ಅವನ ಪಾಪವೇನು? ಪಾಪ ಮತ್ತು ಅಪರಾಧ ಬೇರೆ ಬೇರೆ ಎನ್ನುವವರಿದ್ದಾರೆ, ಹೌದು, ಬೇರೆಯೇ. ಆದರೆ ನಡೆಯದ ಕೊಲೆಯ ಮುಂದೆ ನಿಂತಾಗ ಎರಡೂ ಒಂದೇ ಪ್ರಶ್ನೆಗೆ ಬಂದು ಮುಟ್ಟುತ್ತವೆ: ಮನುಷ್ಯ ಹೊಣೆಗಾರನಾಗುವುದು ತನ್ನ ಕೈಯಲ್ಲಿದ್ದದ್ದಕ್ಕೋ, ಲೋಕದಲ್ಲಿ ಆಗಿಹೋದದ್ದಕ್ಕೋ?

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಎಂಟು ನೂರು ವರ್ಷದ ಹಿಂದೆ, 1209ರಲ್ಲಿ, ಹೊಯ್ಸಳರ ಆಸ್ಥಾನದ ಜನ್ನ ‘ಯಶೋಧರ ಚರಿತೆ’ಯಲ್ಲಿ ಇದನ್ನೇ ಕೈಗೆತ್ತಿಕೊಂಡ. ಉಜ್ಜಯಿನಿಯ ರಾಜ ಯಶೋಧರ ತನ್ನ ರಾಣಿ ಅಮೃತಮತಿ ಕುರೂಪಿಯಾದ ಮಾವುತನ ಬಳಿಗೆ ಹೋಗುವುದನ್ನು ಕಣ್ಣಾರೆ ಕಾಣುತ್ತಾನೆ. ಇಬ್ಬರನ್ನೂ ಕಡಿದುಹಾಕಲು ಕತ್ತಿ ಹಿರಿಯುತ್ತಾನೆ. ಮರುಕ್ಷಣ ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ಕೊನೆಗೆ ಇಬ್ಬರೂ ಒಪ್ಪುವ ನಡುದಾರಿ ಹಿಟ್ಟಿನ ಕೋಳಿ. ಅದರ ಮೇಲೆ ಕತ್ತಿ ಬೀಳುತ್ತದೆ. ಹಿಟ್ಟಿನ ಕೋಳಿ ಕೂಗುತ್ತದೆ.

ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾಗಿ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಿಸಿಕೊಂಡು, ಮತ್ತೆ ಹುಟ್ಟಿ ನವೆಯುತ್ತಾರೆ. ಕೋಳಿಗೆ ಜೀವವಿರಲಿಲ್ಲ ಎಂಬ ವಾದ ಕರ್ಮದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಜೈನರು ಇದನ್ನು ಸಂಕಲ್ಪಹಿಂಸೆ ಎಂದು ಕರೆದರು.

ಶಾಲೆ ಕಾಲೇಜುಗಳಲ್ಲಿ ಈ ಕಾವ್ಯ ಓದುವಾಗ ಅಮೃತಮತಿಯ ಪ್ರೇಮದ ಮೇಲೇ ಎಲ್ಲರ ಕಣ್ಣು ನೆಡುತ್ತದೆ. ಆದರೆ ಜನ್ನನ ಕಥೆಯೊಳಗೆ ನಡೆಯದ ಕೊಲೆಗಳು ಎರಡಿವೆ. ಮೊದಲನೆಯದರಲ್ಲಿ ಕೊಲ್ಲುವ ಕೈ ತಾನಾಗಿ ತಡೆಯಿತು; ಮಾವುತ ಬದುಕಿದ್ದು ಯಶೋಧರನ ಮನಸ್ಸಿನಿಂದ. ಎರಡನೆಯದರಲ್ಲಿ ಕೈ ತಡೆಯಲಿಲ್ಲ, ಏಟು ಪೂರ್ತಿ ಬಿತ್ತು. ಜೀವ ಹೋಗದಿದ್ದದ್ದು ಹಿಟ್ಟಿನಿಂದ. ಹೊರಗಿನಿಂದ ನೋಡುವವರಿಗೆ ಎರಡರಲ್ಲೂ ಯಾರೂ ಸಾಯಲಿಲ್ಲ. ಒಳಗಿನಿಂದ ನೋಡಿದರೆ ಎರಡಕ್ಕೂ ಅಜಗಜಾಂತರ. ಆ ಸೂಪಿನ ಫೋಟೊ ಯಾವ ಸಾಲಿಗೆ ಸೇರುತ್ತದೆ ಎಂಬುದರಲ್ಲಿ ಅನುಮಾನವೇ ಬೇಡ.

‘ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕೆಲ್ಲ ಶಿಕ್ಷೆಯೇ?’ ಎಂದು ಕೇಳುವವರು ಒಂದನ್ನು ಮರೆಯುತ್ತಾರೆ. ಸುಪಾರಿ ಕೊಡುವುದು ಅಂದುಕೊಳ್ಳುವುದಲ್ಲ. ಆ ಪದವನ್ನೇ ಬಿಡಿಸಿ ನೋಡಬಹುದು. ಮುಂಬಯಿಯ ಭೂಗತ ಲೋಕದಿಂದ ಕನ್ನಡ ಪತ್ರಿಕೆಗಳಿಗೆ ಬಂದ ಸುಪಾರಿ ಎಂದರೆ ಅಡಿಕೆ. ಅಡಿಕೆ ಬೆಳೆಯುವ ನಾಡಿನಲ್ಲಿ ಅದರ ಅರ್ಥ ಯಾರಿಗೂ ವಿವರಿಸಬೇಕಾಗಿಲ್ಲ. ಮದುವೆ ಮಾತುಕತೆಯಲ್ಲಿ ಎಲೆಅಡಿಕೆ ಬದಲಾಯಿಸಿಕೊಂಡರೆ ತಾಳಿ ಕಟ್ಟುವುದು ಬಾಕಿಯಿದ್ದರೂ ಮಾತು ಪಕ್ಕಾ. ರಣವೀಳ್ಯ ಕೊಟ್ಟ ಮೇಲೆ ಬಾಣ ಬಿಡುವುದಕ್ಕೆ ಮುಂಚೆಯೇ ಯುದ್ಧ ಶುರುವಾದ ಹಾಗೆ. ಎಲೆಯಡಿಕೆ ಕೈಯಿಂದ ಕೈಗೆ ಹೋದ ಗಳಿಗೆಯಲ್ಲಿ ಕೊಟ್ಟವನ ಪಾಲಿನ ಕೆಲಸ ಮುಗಿಯಿತು. ಕೊಲೆ ಮಾಡಿಸುವವನ ವಿಷಯದಲ್ಲೂ ಅಷ್ಟೇ. ಆಯ್ಕೆ ಅವನದು, ವಿಳಾಸ ಅವನದು, ಹಣ ಅವನದು. ಚಾಕು ಹಿಡಿಯುವುದಷ್ಟೇ ಇನ್ನೊಬ್ಬನದು. ಆ ಇನ್ನೊಬ್ಬ ಪೊಲೀಸನಾದರೂ ಮೋಸಗಾರನಾದರೂ ನಿಜವಾದ ಕೊಲೆಗಡುಕನೇ ಆದರೂ, ಕೊಟ್ಟ ಕೈಯ ಕೊಡುವಿಕೆ ಒಂದೇ.

ಬೌದ್ಧರು ಇದನ್ನು ಬಹಳ ಸೂಕ್ಷ್ಮವಾಗಿ ನೋಡಿದರು. ಚೇತನೆಯೇ ಕರ್ಮ, ಅಂದರೆ ಉದ್ದೇಶವೇ ಕರ್ಮ ಎಂಬುದು ಬುದ್ಧನ ನಿಲುವು. ‘ಮಜ್ಝಿಮ ನಿಕಾಯ’ದ ಉಪಾಲಿ ಸುತ್ತದಲ್ಲಿ ದೇಹದ ಕರ್ಮ ದೊಡ್ಡದೋ ಮನಸ್ಸಿನದೋ ಎಂದು ನಾಲಂದದಲ್ಲಿ ನಡೆದ ವಾದವೇ ಇದೆ, ಅಲ್ಲಿ ಜೈನರನ್ನು ದೇಹದ ಪಕ್ಷದವರೆಂದು ತೋರಿಸಲಾಗಿದೆ. ಜನ್ನನನ್ನು ಓದಿದವರು ಈ ಚಿತ್ರವನ್ನು ಹಾಗೇ ಒಪ್ಪಲಾರರು. ಕುತೂಹಲದ ಸಂಗತಿಯೆಂದರೆ, ಉದ್ದೇಶವೇ ಕರ್ಮ ಎಂದ ಅದೇ ಬೌದ್ಧರು ಭಿಕ್ಷುಗಳ ನಿಯಮಾವಳಿಯಾದ ವಿನಯಪಿಟಕದಲ್ಲಿ ಮೆಟ್ಟಿಲುಗಳನ್ನಿಟ್ಟರು. ಒಬ್ಬ ಭಿಕ್ಷು ಇನ್ನೊಬ್ಬನಿಗೆ ‘ಇಂಥವನನ್ನು ಕೊಲ್ಲು’ ಎಂದರೆ ದುಕ್ಕಟ, ಸಣ್ಣ ದೋಷ. ಕೇಳಿದವನು ಒಪ್ಪಿಕೊಂಡರೆ ಹೇಳಿದವನಿಗೆ ಥುಲ್ಲಚ್ಚಯ, ಗಂಭೀರ ದೋಷ. ಕೊಲೆ ಆಗಿಹೋದರೆ ಪಾರಾಜಿಕ. ಆ ಭಿಕ್ಷು ಸಂಘದಿಂದ ಶಾಶ್ವತವಾಗಿ ಹೊರಗೆ. ಕರ್ಮದ ಲೆಕ್ಕ ಬೇರೆ, ಸಂಘದ ಲೆಕ್ಕ ಬೇರೆ. ಯಹೂದಿ ಶಾಸ್ತ್ರಕಾರ ಮೈಮೊನಿಡೀಸ್ 12ನೇ ಶತಮಾನದಲ್ಲಿ ಇನ್ನೊಂದು ರೀತಿಯಲ್ಲಿ ಹೇಳಿದ: ಬಾಡಿಗೆ ಹಂತಕನನ್ನು ಕಳಿಸಿ ಕೊಲ್ಲಿಸಿದವನಿಗೆ ಮನುಷ್ಯರ ನ್ಯಾಯಾಲಯ ಮರಣದಂಡನೆ ಕೊಡಲಾಗದು, ಆದರೆ ಅವನೂ ರಕ್ತ ಸುರಿಸಿದವನೇ, ದೇವರ ಮುಂದೆ ಸಾವಿಗೆ ಅರ್ಹನೇ.

ಮನುಷ್ಯರ ನ್ಯಾಯಾಲಯಗಳು ಬಹುಕಾಲ ತಡಕಾಡಿದವು. 1928ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ಒಬ್ಬಾತ ತಾನು ಪ್ರೀತಿಸಿದ ಹೆಂಗಸಿನ ಗಂಡನನ್ನು ಕೊಲ್ಲಲು ವೇಷಧಾರಿ ಪೊಲೀಸನಿಗೇ ದುಡ್ಡು, ಫೋಟೊ, ಯೋಜನೆ ಎಲ್ಲ ಕೊಟ್ಟಿದ್ದ. ಪೊಲೀಸನಿಗೆ ಕೊಲ್ಲುವ ಮನಸ್ಸೇ ಇರಲಿಲ್ಲವಾದ್ದರಿಂದ ಇದು ಸಿದ್ಧತೆಯಷ್ಟೇ, ಕೊಲೆಯತ್ನವಲ್ಲ ಎಂದಿತು ಕೋರ್ಟು. ಈಗ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಹಣ ಕೊಟ್ಟು ಕೊಲ್ಲಿಸುವ ಉದ್ದೇಶದಿಂದ ಫೋನು, ಅಂಚೆ ಬಳಸಿದರೂ ಸಾಕು, ಅಪರಾಧ ಪೂರ್ತಿ. ಯಾರಿಗೂ ಏನೂ ಆಗದಿದ್ದರೆ ಗರಿಷ್ಠ 10 ವರ್ಷ, ಸಾವಾದರೆ ಜೀವಾವಧಿ ಅಥವಾ ಮರಣದಂಡನೆ. ಇಂಗ್ಲೆಂಡಿನ ಲಾರ್ಡ್ಸ್ ಸಭೆಯಂತೂ ಇಂಥದ್ದೇ ಗೊಂದಲದಲ್ಲಿ 1985ರ ತನ್ನ ತೀರ್ಪನ್ನು ಮರುವರ್ಷವೇ ತಿರುವಿಹಾಕಿತು. ಅದಕ್ಕೆ ಕಾರಣವಾದದ್ದು ಶಿವಪುರಿ ಎಂಬಾತನ ಪ್ರಕರಣ. ತನ್ನ ಕೈಸೇರಿದ ಸೂಟ್‌ಕೇಸಿನಲ್ಲಿ ಮಾದಕ ವಸ್ತುವಿದೆಯೆಂದೇ ಅವನು ನಂಬಿದ್ದ. ಒಳಗಿದ್ದದ್ದು ನಿರುಪದ್ರವಿ ಸೊಪ್ಪಿನ ಪುಡಿ.

ಈ ವಿಷಯದಲ್ಲಿ ಭಾರತದ ದಂಡಸಂಹಿತೆ ಮೊದಲಿನಿಂದಲೂ ನಿಚ್ಚಳ. ಮೆಕಾಲೆಯ ಕರಡಿನಿಂದ ಬೆಳೆದು 1860ರಲ್ಲಿ ಕಾನೂನಾದ ಸಂಹಿತೆಯ 108ನೇ ಕಲಮು ಒಂದು ಪುಟ್ಟ ಉದಾಹರಣೆ ಕೊಡುತ್ತದೆ: ಒಬ್ಬ ಇನ್ನೊಬ್ಬನಿಗೆ ಮೂರನೆಯವನನ್ನು ಕೊಲ್ಲೆಂದು ಕುಮ್ಮಕ್ಕು ಕೊಡುತ್ತಾನೆ, ಇನ್ನೊಬ್ಬ ಒಲ್ಲೆ ಎನ್ನುತ್ತಾನೆ. ಆದರೂ ಮೊದಲನೆಯವನು ಕೊಲೆಗೆ ದುಷ್ಪ್ರೇರಣೆ ನೀಡಿದ ಅಪರಾಧಿ. ಒಲ್ಲೆ ಎಂದವನ ಒಳ್ಳೆಯತನ ಕೇಳಿದವನ ಖಾತೆಗೆ ಜಮೆಯಾಗುವುದಿಲ್ಲ. ಕೊಲೆ ನಡೆಯದಿದ್ದರೆ 115ನೇ ಕಲಮಿನಂತೆ 7 ವರ್ಷದವರೆಗೆ ಸಜೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ತತ್ವ ಬದಲಾಗಿಲ್ಲ. ಕಲಮಿನ ಸಂಖ್ಯೆ ಮಾತ್ರ 46, 55 ಎಂದಾಗಿದೆ.

ಆದರೆ ಏಳು ವರ್ಷವೇಕೆ? ಮನಸ್ಸು ಒಂದೇ ಆಗಿದ್ದರೆ ಹೆಣ ಬಿದ್ದಾಗ ಗಲ್ಲು, ಬೀಳದಿದ್ದಾಗ ಏಳು ವರ್ಷ ಎಂಬ ಅಂತರ ಎಲ್ಲಿಂದ ಬಂತು? ಫ್ರಾನ್ಸಿನ ತತ್ವಜ್ಞಾನಿ ಅಬೆಲಾರ್ಡ್ 12ನೇ ಶತಮಾನದಲ್ಲೇ ಕೃತ್ಯವು ಪಾಪಕ್ಕೆ ಏನನ್ನೂ ಕೂಡಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದ. ಪ್ಲೇಟೊ ‘ಲಾಸ್’ ಗ್ರಂಥದಲ್ಲಿ ಕೊಲ್ಲಲು ಹೋಗಿ ಗಾಯವಷ್ಟೇ ಮಾಡಿದವನನ್ನು ಕೊಲೆಗಾರನೆಂದೇ ವಿಚಾರಿಸಬೇಕೆನ್ನುತ್ತಾನೆ, ಆಮೇಲೆ ಸಾವಿನ ಬದಲು ಗಡೀಪಾರು ಸಾಕು ಎನ್ನುತ್ತಾನೆ. ಹೊಡೆದವನನ್ನೂ ಗಾಯಗೊಂಡವನನ್ನೂ ಕಾಪಾಡಿದ ಅದೃಷ್ಟಕ್ಕೆ, ಹೊಡೆದವನ ಕಾವಲುದೈವಕ್ಕೆ ಗೌರವ ಕೊಡಬೇಕಂತೆ. ಪ್ಲೇಟೊನ ಈ ಉತ್ತರ ತರ್ಕಕ್ಕೆ ಸಿಗುವುದಿಲ್ಲ, ಆದರೂ ಅದರಲ್ಲಿ ಒಂದು ಮರ್ಯಾದೆಯಿದೆ. ಬದುಕುಳಿದ ಒಂದು ಜೀವ ನಿಜಕ್ಕೂ ದೊಡ್ಡದು. ವೈಟ್ ರಾಕ್‌ನಲ್ಲಿ ನಿಜವಾಗಿ ಮೂವರು ಮಕ್ಕಳಿದ್ದು ಅವರ ಅಪ್ಪ ಸತ್ತಿದ್ದರೆ, ಆ ಮಕ್ಕಳ ಮುಂದೆ ನಿಂತು ‘ಎರಡೂ ಒಂದೇ’ ಎನ್ನಲು ಯಾವ ತತ್ವಜ್ಞಾನಿಗೂ ನಾಲಿಗೆ ಹೊರಳದು.

ಆಡಂ ಸ್ಮಿತ್ 1759ರಲ್ಲಿ ಇನ್ನೊಂದು ಕಾರಣ ಕೊಟ್ಟ. ಮನಸ್ಸಿನ ಕೆಡುಕನ್ನೇ ಶಿಕ್ಷಿಸುವುದಾದರೆ ಪ್ರತಿ ನ್ಯಾಯಾಲಯವೂ ಜನರ ಎದೆ ಬಗೆದು ನೋಡುವ ಠಾಣೆಯಾದೀತು. ಫಲ ಕಂಡಾಗಷ್ಟೇ ಕೆರಳುವ ಸ್ವಭಾವವನ್ನು ಪ್ರಕೃತಿ ಮನುಷ್ಯನಿಗೆ ಇಟ್ಟಿರುವುದು ಅವನ ರಕ್ಷಣೆಗಾಗಿಯೇ ಎಂದ. ಈ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಏಕೆಂದರೆ ನಡೆಯದ ಕೊಲೆಗೆ ಸಾಕ್ಷಿಯೆಂದರೆ ಹೆಚ್ಚಾಗಿ ಮಾತು. ಮಾತನ್ನು ಹೊರಡಿಸಬಹುದು, ಹುರಿದುಂಬಿಸಬಹುದು, ಇಲ್ಲದ ಧೈರ್ಯವನ್ನು ತುಂಬಬಹುದು. ಹಿಟ್ಟಿನ ಕೋಳಿ ತಾನಾಗಿ ಆಗಲಿಲ್ಲ. ಮಗನ ಹಿಂಜರಿಕೆಯನ್ನು ಸುತ್ತಿಬಳಸಿ ಕತ್ತಿಯ ಮುಂದೆ ತಂದವಳು ತಾಯಿ, ಅದಕ್ಕೇ ಜನ್ನ ಅವಳನ್ನೂ ಬಿಡಲಿಲ್ಲ. ವೇಷ ಹಾಕಿದ ಅಧಿಕಾರಿ ಹಿಟ್ಟು ನಾದಿಕೊಟ್ಟಾಗ ಸರ್ಕಾರದ ಕೈಗೂ ಅದು ಅಂಟಿಕೊಳ್ಳುತ್ತದೆ.

ಹಾಗಂತ ಎಲ್ಲ ವೇಷವೂ ಬಲೆಯಲ್ಲ. 2009ರಲ್ಲಿ ಫ್ಲಾರಿಡಾದ ಬಾಯ್ಂಟನ್ ಬೀಚ್‌ನಲ್ಲಿ ಗಂಡನನ್ನು ಕೊಲ್ಲಿಸಲು ಹೊರಟ ಹೆಂಗಸೊಬ್ಬಳನ್ನು ಕಾರಿನಲ್ಲಿ ಕೂತ ‘ಹಂತಕ’ ಕೇಳುತ್ತಾನೆ: ನಿಜವಾಗಿಯೂ ಬೇಕೇ, ಯೋಚಿಸಿದ್ದೀಯಾ? ಬಚ್ಚಿಟ್ಟ ಕ್ಯಾಮೆರಾ ಓಡುತ್ತಿದೆ. ನೂರಕ್ಕೆ ಐದು ಸಾವಿರ ಪಾಲು ಖಚಿತ ಎನ್ನುತ್ತಾಳೆ ಆಕೆ. ಕೆಲವು ದಿನಗಳ ಬಳಿಕ ಮನೆ ಮುಂದೆ ಪೊಲೀಸ್ ಪಟ್ಟಿ ಕಟ್ಟಿ, ನಿಮ್ಮ ಗಂಡ ತೀರಿಕೊಂಡರು ಎಂದಾಗ ಬಿಕ್ಕಿಬಿಕ್ಕಿ ಅಳುತ್ತಾಳೆ. ಠಾಣೆಯಲ್ಲಿ ಗಂಡ ಎದುರಿಗೆ ಬಂದು ನಿಲ್ಲುತ್ತಾನೆ. ಮೊದಲ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ಎರಡನೇ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಮೂರನೆಯದರಲ್ಲಿ, 2017ರಲ್ಲಿ, 16 ವರ್ಷ ಶಿಕ್ಷೆಯಾಯಿತು. ಇಡೀ ಪ್ರಕರಣದಲ್ಲಿ ಮುಖ್ಯವಾದದ್ದು ಕಣ್ಣೀರಲ್ಲ, ಕಾರಿನೊಳಗಿನ ಆ ಪ್ರಶ್ನೆ. ‘ಬೇಡ’ ಎಂಬ ಒಂದೇ ಪದಕ್ಕೆ ಅಲ್ಲಿ ಜಾಗವಿತ್ತು.

ಆ ಜಾಗದ ಬೆಲೆಯನ್ನು ಧರ್ಮಗಳು ಕಾನೂನಿಗಿಂತ ಮೊದಲೇ ಕಂಡಿದ್ದವು. ಕೆಟ್ಟದ್ದನ್ನು ಸಂಕಲ್ಪಿಸಿ ಮಾಡದೆ ಬಿಟ್ಟವನ ಹೆಸರಿನಲ್ಲಿ ಒಂದು ಒಳಿತು ದಾಖಲಾಗುತ್ತದೆ ಎನ್ನುತ್ತದೆ ಪ್ರವಾದಿಯ ಹದೀಸು. ಅಮೆರಿಕದ ಕಾನೂನು ಪಂಡಿತರು 1962ರ ಮಾದರಿ ದಂಡಸಂಹಿತೆಯಲ್ಲಿ ಇದನ್ನು ಕಲಮಾಗಿಯೇ ಬರೆದರು: ಹೇಳಿ ಕಳಿಸಿದವನು ತಾನೇ ಮನಸ್ಸು ತಿರುಗಿಸಿಕೊಂಡು ಕೆಲಸವನ್ನು ತಡೆದರೆ ಅವನು ಅಪರಾಧದಿಂದ ಹೊರಗೆ. ಸಿಕ್ಕಿಬೀಳುವ ಭಯಕ್ಕೆ ತಡೆದದ್ದು ಲೆಕ್ಕಕ್ಕಿಲ್ಲ. ಭಾರತದ ಸಂಹಿತೆಯಲ್ಲಿ ಇಂಥ ಸ್ಪಷ್ಟ ಕಲಮಿಲ್ಲ; ಇರಬೇಕಿತ್ತು. ಕತ್ತಿ ಹಿರಿದು ಮತ್ತೆ ಒರೆಗೆ ಸೇರಿಸಿದ ಯಶೋಧರನಿಗೂ, ಕೋಳಿ ಕಡಿದ ಯಶೋಧರನಿಗೂ ಕಾನೂನು ಬೇರೆ ಬೇರೆ ಹೆಸರು ಇಡಲೇಬೇಕು.

ಉಲ್ಬ್ರಿಕ್ಟ್ ವಿಷಯದಲ್ಲಿ ನ್ಯಾಯ ಎಡವಿದ್ದು ಇನ್ನೊಂದು ಕಡೆ. ನ್ಯೂಯಾರ್ಕಿನಲ್ಲಿ 2015ರಲ್ಲಿ ಜ್ಯೂರಿ ಅವನನ್ನು ಏಳು ಆರೋಪಗಳಲ್ಲಿ ದೋಷಿಯೆಂದಿತು. ಕೊಲೆ ಸುಪಾರಿ ಆ ಏಳರಲ್ಲಿ ಒಂದಾಗಿರಲಿಲ್ಲ. ಆದರೂ ಶಿಕ್ಷೆ ಅಳೆಯುವಾಗ ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್, ಸುಪಾರಿ ಕೊಟ್ಟಿದ್ದಕ್ಕೆ ಸಾಕಷ್ಟು ಆಧಾರವಿದೆ ಎಂದು ಅದನ್ನೂ ತಕ್ಕಡಿಗೆ ಹಾಕಿದರು. ಎರಡು ಜೀವಾವಧಿ, ಮೇಲೆ 40 ವರ್ಷ, ಪೆರೋಲ್ ಇಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಮೇರಿಲ್ಯಾಂಡಿನಲ್ಲಿ ನೇರವಾಗಿ ಹಾಕಿದ್ದ ಸುಪಾರಿ ಆರೋಪವನ್ನು ಸರ್ಕಾರವೇ 2018ರಲ್ಲಿ ಕೈಬಿಟ್ಟಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವನಿಗೆ ಪೂರ್ಣ ಕ್ಷಮೆ ನೀಡಿದರು. ಹೀಗೆ, ಇಡೀ ಪ್ರಕರಣದ ಅತಿ ಭಾರವಾದ ಪ್ರಶ್ನೆಯನ್ನು ಹನ್ನೆರಡು ಜನ ಕೂತು ‘ಹೌದು’ ಅಥವಾ ‘ಅಲ್ಲ’ ಎಂದು ತೀರ್ಮಾನಿಸಲೇ ಇಲ್ಲ. ಅವನ ಕಡೆಯವರು ಈಗಲೂ ಅದನ್ನು ಅಲ್ಲಗಳೆಯುತ್ತಾರೆ. ಸಂಕಲ್ಪವನ್ನು ಶಿಕ್ಷಿಸುವುದಾದರೆ ಅದನ್ನು ಬಾಗಿಲ ಸಂದಿಯಿಂದ ತರಬಾರದಿತ್ತು. ಆರೋಪವೆಂದೇ ಹೊರಿಸಿ, ಎದುರಿಗಿಟ್ಟು, ಸಾಬೀತು ಮಾಡಬೇಕಿತ್ತು.

ವಿಚಾರಣೆಯಲ್ಲಿ ಹೊರಬಂದ ಕಾಗದಗಳಂತೂ ಉಳಿದಿವೆ. ಲ್ಯಾಪ್‌ಟಾಪಿನಲ್ಲಿ ದಿನಚರಿಯಂಥ ಒಂದು ಕಡತವಿತ್ತು. 2013ರ ಏಪ್ರಿಲ್ 1ರ ಕೆಳಗೆ ಬೆದರಿಸಿದವನ ಕಥೆ ಮುಗಿಯಿತೆಂಬ ಸುದ್ದಿ ಬಂತು ಎಂದಿದೆ. ಅದರ ಬೆನ್ನಿಗೇ ಕಡತ ಮೇಲೇರಿಸುವ ಪ್ರೋಗ್ರಾಂ ಬರೆದೆ ಎಂದಿದೆ. ಅದೇ ವಾರದಲ್ಲಿ ‘ರೆಡ್ ಅಂಡ್ ವೈಟ್’ ಮತ್ತೆ ಸಂದೇಶ ಕಳಿಸಿದ. ಹಳೆಯ ಮೋಸವೊಂದರ ಹಿಂದಿದ್ದ ವ್ಯಾಪಾರಿ ಸಿಕ್ಕಿದ್ದಾನೆ, ಅವನ ಮನೆಯಲ್ಲಿ ಇನ್ನೂ ಮೂವರಿದ್ದಾರೆ. ಯಜಮಾನ ಮೊದಲು ಬರೆದದ್ದು ಅವನೊಬ್ಬನನ್ನೇ ಮುಗಿಸಿ, ಅಲ್ಲಿಗೆ ಬಿಡೋಣ ಎಂದು. ಒಬ್ಬನನ್ನಷ್ಟೇ ಆದರೆ ದುಡ್ಡು ಹುಡುಕುವುದು ಕಷ್ಟ, ನಾಲ್ವರಿಗೂ ಸೇರಿ 5,00,000 ಡಾಲರ್ ಆಗುತ್ತದೆ ಎಂದು ಉತ್ತರ ಬಂತು. ಪರದೆಯ ಈ ಕಡೆ ಸ್ವಲ್ಪ ತಡವರಿಕೆ ಕಾಣುತ್ತದೆ. ಆಮೇಲೆ, ಸರಿ, ನಿಮ್ಮ ತಿಳಿವಳಿಕೆಗೇ ಬಿಡುತ್ತೇನೆ, ಒಂದಿಷ್ಟು ದುಡ್ಡು ವಾಪಸ್ ಬಂದೀತು ಎಂಬ ಮಾತು. ಏಪ್ರಿಲ್ 8ರ ದಿನಚರಿಯಲ್ಲಿ ಆ ನಾಲ್ವರ ಕೊಲೆಗೆಂದು ಹಣ ಕಳಿಸಿದ ಟಿಪ್ಪಣಿಯಿದೆ. ಅದೇ ದಿನದ ಕೆಳಗೆ, ಸೈಟಿನ ಮುಖ್ಯ ಪುಟದ ಕೋಡನ್ನು ಇನ್ನಷ್ಟು ಚುರುಕಾಗುವಂತೆ ತಿದ್ದಿದ್ದೂ ಬರೆದಿದೆ.